ಮಂಗನ ಕಾಯಿಲೆ ಬರೋ ಮುಂಚೆ ಊರಲ್ಲಿ ಮಾಡಿಕೊಳ್ಳಬೇಕಾದ ತಯಾರಿ

ದೇಶದ ಆರೋಗ್ಯ ವ್ಯವಸ್ಥೆ ಗಟ್ಟಿಯಾಗಬೇಕು ಅಂದ ಕೂಡಲೇ ಎಲ್ಲರೂ ದೊಡ್ಡ ಆಸ್ಪತ್ರೆ ಬಗ್ಗೆ ಮಾತಾಡುತ್ತಾರೆ. ಬೇಕು, ಖಂಡಿತ ಬೇಕು. ಆದರೆ ನಮ್ಮ ಮಲೆನಾಡಲ್ಲಿ ವ್ಯವಸ್ಥೆ ಕೈಕೊಡೋದು ಅದಕ್ಕೂ ಮುಂಚೆ, ಕಾಡಲ್ಲಿ ಮಂಗ ಸತ್ತ ಸುದ್ದಿ ಆಸ್ಪತ್ರೆಗೆ ಮುಟ್ಟದೇ ಹೋದಾಗ.

ಈ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. 2018-19ರಲ್ಲಿ ಸಾಗರದ ಅರಳಗೋಡು ಕಡೆ ಇದೇ ಕಾಯಿಲೆ ಹಬ್ಬಿದ್ದನ್ನು ಯಾರೂ ಮರೆತಿಲ್ಲ. ಇದಕ್ಕೆ ಅಂತಲೇ ಔಷಧಿ ಇಲ್ಲ, ಹಳೆಯ ಲಸಿಕೆಯನ್ನೂ ನಿಲ್ಲಿಸಿದ್ದಾರೆ. ಬೇಗ ಗೊತ್ತಾಗಬೇಕು, ಅಷ್ಟೇ ದಾರಿ.

ಒಂದು ವರ್ಷ ನಮ್ಮೂರ ಸೊಪ್ಪಿನ ಬೆಟ್ಟದಲ್ಲಿ ಮುಸಿಯ, ಅಂದರೆ ಕಪ್ಪು ಮುಖದ ಮಂಗ, ಸತ್ತು ಬಿದ್ದಿತ್ತು. ದರಗು (ಉದುರಿದ ಒಣ ಎಲೆ) ಗುಡಿಸೋಕೆ ಹೋದ ನಾಲ್ಕೈದು ಜನ ನೋಡಿದ್ದರು. ಮೂರು ದಿನ ಯಾರೂ ಬಾಯಿ ಬಿಡಲಿಲ್ಲ, ಯಾಕಂದರೆ ಯಾರಿಗೆ ಹೇಳಬೇಕು ಅಂತಲೇ ಗೊತ್ತಿರಲಿಲ್ಲ. ಈ ಕಾಯಿಲೆ ಮನುಷ್ಯರಿಗೆ ಬರೋದು ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಸುತ್ತಲಿನ ದರಗಿಗೆ ಸೇರುತ್ತೆ. ಅದೇ ದರಗನ್ನು ನಾವು ಹೊತ್ತು ತಂದು ಕೊಟ್ಟಿಗೆಗೆ ಹಾಕುತ್ತೇವೆ, ಅಲ್ವಾ?

ಹಾಗಾಗಿ ಮೊದಲ ಕೆಲಸ ನವೆಂಬರ್‌ನಲ್ಲೇ ಆಗಬೇಕು, ಅಡಿಕೆ ಕೊಯ್ಲು ಎಷ್ಟೇ ಜೋರಿರಲಿ, ಯಾಕಂದರೆ ಡಿಸೆಂಬರ್‌ನಿಂದ ಮೇವರೆಗೆ ಕಾಯಿಲೆಯ ಕಾಲ. ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಪಂಚಾಯಿತಿ, ಫಾರೆಸ್ಟ್ ಗಾರ್ಡ್, ಈ ನಾಲ್ಕೂ ಕಡೆಯ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಹಾಲಿನ ಡೈರಿ ಬಾಗಿಲಿಗೆ ಅಂಟಿಸಿ. ನೆಟ್‌ವರ್ಕ್ ಸಿಗದ ಮನೆಗಳಿದ್ದರೆ, ಸುದ್ದಿ ಸಿಕ್ಕ ಕೂಡಲೇ ಬೈಕಲ್ಲಿ ಹೋಗಿ ಹೇಳೋರು ಯಾರು ಅಂತ ಹೆಸರು ಹಿಡಿದು ಗೊತ್ತುಮಾಡಿ. ಸತ್ತ ಮಂಗನ ಹತ್ತಿರ ಮಾತ್ರ ಹೋಗಬೇಡಿ. ಜಾಗ ಗುರುತು ಹೇಳಿ ಸಾಕು, ಮುಂದಿನದು ಇಲಾಖೆಯವರ ಕೆಲಸ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಒಂದಿದೆ. ಊರಿನ ಆರೋಗ್ಯದ ಅಗತ್ಯ ನೋಡಿ ಸಮಿತಿಯೇ ಖರ್ಚು ಮಾಡಬಹುದಾದ ಮುಕ್ತ ನಿಧಿ ವರ್ಷಕ್ಕೆ 10,000 ರೂಪಾಯಿವರೆಗೆ ಅದಕ್ಕೆ ಬರಬೇಕು. ಸಭೆ ಸುಮ್ನೆ ಕಾಗದದಲ್ಲಿ ಆಗೋಕೆ ಬಿಡಬೇಡಿ, ಹೋಗಿ ಕೂತು ಲೆಕ್ಕ ಕೇಳಿ.

ಕಾಡಿಗೆ ಹೋಗಿ ಬಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮೆಡಿಕಲ್ ಶಾಪ್ ಮಾತ್ರೆ ನುಂಗಿ ಮಲಗಬೇಡಿ. ಆರೋಗ್ಯ ಕೇಂದ್ರದಲ್ಲಿ ಕಾಡಿಗೆ ಹೋಗಿದ್ದೆ ಅಂತ ನೀವೇ ಬಾಯಿಬಿಟ್ಟು ಹೇಳಿ, ರಕ್ತ ಪರೀಕ್ಷೆ ಕೇಳಿ. ಊರಿಗೆ ಬರುವ ಆರೋಗ್ಯ ಸಹಾಯಕಿಯರು, ವೈದ್ಯರು, ಲ್ಯಾಬ್‌ನವರು ಬೇರೆ ಬೇರೆಯಾಗಿ ತುಂಬುವ ವರದಿಗಳೇ ಜಿಲ್ಲೆಗೆ, ಅಲ್ಲಿಂದ ದೆಹಲಿವರೆಗೆ ಹೋಗೋದು. ನೀವು ಮನೆಯಲ್ಲೇ ಮಲಗಿದರೆ ನಿಮ್ಮ ಜ್ವರ ಆ ಲೆಕ್ಕಕ್ಕೇ ಬರೋದಿಲ್ಲ, ಪಕ್ಕದ ಊರಿಗೆ ಎಚ್ಚರಿಕೆಯೂ ಹೋಗೋದಿಲ್ಲ.

ಇನ್ನು ಡೆಪಾ ಎಣ್ಣೆ, ಉಣುಗು ಮೈಗೆ ಹತ್ತದಂತೆ ಹಚ್ಚಿಕೊಳ್ಳೋಕೆ ಆರೋಗ್ಯ ಇಲಾಖೆ ಕೊಡೋದು. ಕೈಕಾಲಿಗೆ ಹಚ್ಚಿಕೊಂಡೇ ಕಾಡಿಗೆ ಹೋಗಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಕೊಟ್ಟ ಬಾಟಲಿಯನ್ನು ಕಪಾಟಲ್ಲಿ ಇಡಬೇಡಿ. ಕತ್ತಿ ನೇತುಹಾಕುವ ಮೊಳೆಯ ಪಕ್ಕದಲ್ಲೇ ಇಡಿ, ಹೊರಡುವಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತೆ.