ಅಡ್ಡಮಾತು ಬಂದಾಗ ನಾಲಿಗೆ ಜಾರದಿರಲು: ಮುಂಬೈಯ ಕನ್ನಡ ಸ್ಟ್ಯಾಂಡಪ್ ಕಲಾವಿದರಿಗೆ

ಸಭೆಯಿಂದ ಒಬ್ಬರು ನಡುವೆ ಬಾಯಿ ಹಾಕಿದರೆ ಉಳಿದವರೆಲ್ಲ ಆ ಕ್ಷಣಕ್ಕೆ ಕಲಾವಿದನ ಪಕ್ಷದಲ್ಲೇ ಇರುತ್ತಾರೆ. ಅವರು ಬಂದದ್ದು ಅವನ ಮಾತು ಕೇಳಲು, ಪಕ್ಕದ ಕುರ್ಚಿಯವರ ಮಾತನ್ನಲ್ಲ. ಈ ಬೆಂಬಲ ಕೈತಪ್ಪುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಬಂದ ಮಾತು ಚಿಕ್ಕದು, ಕೊಟ್ಟ ಏಟು ದೊಡ್ಡದು. "ಸ್ವಲ್ಪ ಜೋರಾಗಿ ಹೇಳಿ" ಎಂದವರ ಹೆಂಡತಿಯನ್ನೋ ಮೈಬಣ್ಣವನ್ನೋ ಎಳೆದು ತಂದರೆ ಇಡೀ ಸಭಾಂಗಣ ಆ ಮನುಷ್ಯನ ಕಡೆ ವಾಲುತ್ತದೆ. ಆಮೇಲೆ ಎಷ್ಟು ಒಳ್ಳೆಯ ಜೋಕ್ ಹೇಳಿದರೂ ನಗು ಬರುವುದಿಲ್ಲ. ಅಳತೆ ತಪ್ಪದಂತೆ ನೋಡಿಕೊಳ್ಳುವುದು ಕಲಿಯಬಹುದಾದ ಕೆಲಸ, ಅದರ ಬಹುಪಾಲು ವೇದಿಕೆ ಹತ್ತುವ ಮುಂಚೆಯೇ ಆಗಬೇಕು.

ಹತ್ತುವ ಮುಂಚೆ

ಮುಂಬೈಯಲ್ಲಿ ಕನ್ನಡದ ಹಾಸ್ಯ ಕಲಾವಿದರಿಗೆ ಸಿಗುವ ಜಾಗಗಳು ಎರಡು ಬಗೆ. ಅಂಧೇರಿ, ಖಾರ್ ಕಡೆಯ ಓಪನ್ ಮೈಕ್ ಕೋಣೆಗಳು ಒಂದು: ಸಣ್ಣ ಕೋಣೆ, ಕತ್ತಲೆ, ನಾಲ್ಕೈದು ನಿಮಿಷದ ಅವಕಾಶ, ಕೇಳುವವರಲ್ಲಿ ಅರ್ಧ ಜನ ತಮ್ಮ ಸರದಿಗೆ ಕಾಯುತ್ತಿರುವ ಕಲಾವಿದರೇ. ಇನ್ನೊಂದು ಸಂಘಗಳ ಸಭಾಂಗಣ: ಮಾಟುಂಗಾದ ಮೈಸೂರು ಅಸೋಸಿಯೇಶನ್, ಮಾಹಿಮ್‌ನ ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವ ಭವನ. ಇಲ್ಲಿ ಮೂರು ತಲೆಮಾರು ಒಟ್ಟಿಗೆ ಕೂತಿರುತ್ತದೆ. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ದಾನಿಗಳು. ಮೊದಲು ಸನ್ಮಾನ, ಕೊನೆಗೆ ಊಟ. ಓಪನ್ ಮೈಕಿನಲ್ಲಿ ನಡೆದ ತಿರುಗೇಟು ಇಲ್ಲಿ ನಡೆಯುವುದಿಲ್ಲ.

ಸಭಾಂಗಣದಲ್ಲಿ ಬರುವ ಅಡ್ಡಮಾತಿಗೆ ಅನೇಕ ಸಲ ಧ್ವನಿವ್ಯವಸ್ಥೆಯೇ ಕಾರಣ. ಮಾತು ಕೇಳಿಸದವರು ಪಕ್ಕದವರನ್ನು ಕೇಳುತ್ತಾರೆ, ಪಕ್ಕದವರು ವಿವರಿಸುತ್ತಾರೆ, ಒಂದು ಸಾಲೇ ಗುಸುಗುಸು ಶುರುಮಾಡುತ್ತದೆ. ಕಲಾವಿದನಿಗೆ ಅದು ಅವಮಾನದಂತೆ ಕಾಣುತ್ತದೆ. ಆದ್ದರಿಂದ ಅರ್ಧ ಗಂಟೆ ಮೊದಲೇ ಹೋಗಿ. ಬೇರೊಬ್ಬರನ್ನು ಮೈಕಿನ ಮುಂದೆ ನಿಲ್ಲಿಸಿ, ನೀವು ಕೊನೆಯ ಸಾಲಿನಲ್ಲೂ ಬಾಲ್ಕನಿಯ ಕೆಳಗೂ ಕೂತು ಕೇಳಿ. ಭಾಷಣಕ್ಕೆ ಹೊಂದಿಸಿದ ಮೈಕಿನಲ್ಲಿ ಪ್ರತಿಧ್ವನಿಯ ಎಫೆಕ್ಟ್ ಇದ್ದರೆ ತೆಗೆಸಿ, ಪಂಚ್ ಲೈನಿನ ಕೊನೆಯ ಪದವನ್ನು ಅದು ನುಂಗುತ್ತದೆ.

ನಂತರ ಸಂಘಟಕರೊಂದಿಗೆ ಮೂರು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಗಲಾಟೆಯಾದರೆ ಆ ವ್ಯಕ್ತಿಯ ಬಳಿ ಹೋಗುವವರು ಯಾರು? ಒಬ್ಬರ ಹೆಸರು ಬೇಕು, "ನಾವೆಲ್ಲ ಇದ್ದೇವೆ" ಎಂದರೆ ಯಾರೂ ಇಲ್ಲ ಎಂದೇ ಅರ್ಥ. ನಿಮ್ಮ ಸನ್ನೆ ಏನು? ನೀರಿನ ಬಾಟಲಿಯನ್ನು ಎಡಗೈಯಿಂದ ಬಲಗೈಗೆ ಬದಲಿಸುವುದು ಸಾಕು, ಸಭಿಕರಿಗೆ ಗೊತ್ತಾಗುವುದಿಲ್ಲ. ಸಭೆಯ ದೀಪ ಹಾಕುವವರು ಯಾರು? ವೇದಿಕೆಯ ಬೆಳಕಿನಲ್ಲಿ ನಿಮಗೆ ಎದುರಿನವರ ಮುಖ ಕಾಣುವುದಿಲ್ಲ, ಕಾಣದ ದನಿಗೆ ಸಿಟ್ಟು ಬೇಗ ಬರುತ್ತದೆ. ಬೇಕಾದಾಗ ದೀಪ ಅರ್ಧಕ್ಕೆ ಏರಿದರೆ ಕೂಗಿದವರ ದನಿಯೂ ತಾನಾಗಿ ಇಳಿಯುತ್ತದೆ.

ಇನ್ನೊಂದು. ರಾತ್ರಿ ಒಂಬತ್ತರ ಸುಮಾರಿಗೆ ಡೊಂಬಿವಲಿ, ವಿರಾರ್ ಕಡೆಯವರು ಏಳತೊಡಗುತ್ತಾರೆ. ಅದು ರೈಲು ಹಿಡಿಯುವ ಅವಸರ, ನಿಮ್ಮ ಮೇಲಿನ ತೀರ್ಪಲ್ಲ. ಎದ್ದು ಹೋಗುವವರನ್ನು ಗೇಲಿ ಮಾಡಬೇಡಿ, ಅವರು ಮನೆ ಮುಟ್ಟಲು ಒಂದೂವರೆ ಗಂಟೆ ಬೇಕು.

ಮೊದಲ ಮೂರು ಸೆಕೆಂಡು

ಅಡ್ಡಮಾತು ಕಿವಿಗೆ ಬಿದ್ದ ಕೂಡಲೇ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಎರಡು ಸೆಕೆಂಡಿನ ಮೌನ ಹತ್ತು ಸೆಕೆಂಡಿನಷ್ಟು ಉದ್ದ ಅನ್ನಿಸುತ್ತದೆ. ಆ ಮೌನ ತುಂಬುವ ಆತುರದಲ್ಲೇ ನಾಲಿಗೆ ಜಾರುವುದು. ಸಭಿಕರಿಗೆ ಅದು ಎರಡೇ ಸೆಕೆಂಡು. ಅವರು ಕುತೂಹಲದಿಂದ ಕಾಯುತ್ತಿರುತ್ತಾರೆ.

ಮಾಡಬೇಕಾದದ್ದು ಇಷ್ಟು. ನಡೆಯುತ್ತಿದ್ದರೆ ನಿಲ್ಲಿ. ಮೈಕನ್ನು ಬಾಯಿಯಿಂದ ಸ್ವಲ್ಪ ದೂರ ಸರಿಸಿ ಉಸಿರನ್ನು ನಿಧಾನವಾಗಿ ಹೊರಬಿಡಿ. ಒಳಗೆಳೆದದ್ದಕ್ಕಿಂತ ಬಿಟ್ಟದ್ದು ಉದ್ದವಿರಲಿ. ಅದೂ ಸಾಲದಿದ್ದರೆ ಒಂದು ಗುಟುಕು ನೀರು ಕುಡಿಯಿರಿ. ನಾಲ್ಕೈದು ಸೆಕೆಂಡು ಸಿಗುತ್ತದೆ, ಯಾರೂ ಕಾರಣ ಕೇಳುವುದಿಲ್ಲ. ಆಮೇಲೆ ಮಾತಾಡುವಾಗ ಸ್ವರ ತಗ್ಗಿಸಿ. ಬಾಯಿಗೆ ಮೂರ್ನಾಲ್ಕು ಸೆಂಟಿಮೀಟರ್ ಹತ್ತಿರವಿರುವ ಮೈಕಿನಲ್ಲಿ ಕೂಗಿದರೆ ಧ್ವನಿ ಒಡೆದು, ನಿಮಗಿರುವ ಸಿಟ್ಟಿನ ಎರಡರಷ್ಟು ಹೊರಗೆ ಕೇಳಿಸುತ್ತದೆ. ಮೈಕ್ ನಿಮ್ಮ ಕೈಯಲ್ಲಿದೆ, ಅವರ ಕೈಯಲ್ಲಿಲ್ಲ. ಪಿಸುಮಾತಿನಲ್ಲೂ ನೀವೇ ಜೋರು.

ಈಗ ಬಹುಮುಖ್ಯವಾದ ಹೆಜ್ಜೆ: ಅವರು ಹೇಳಿದ್ದನ್ನು ಮೈಕಿನಲ್ಲಿ ಇದ್ದದ್ದು ಇದ್ದಂತೆ ಮತ್ತೊಮ್ಮೆ ಹೇಳಿ. ನಾಲ್ಕನೇ ಸಾಲಿನ ಮಾತು ಹತ್ತನೇ ಸಾಲಿಗೆ ಕೇಳಿಸಿರುವುದಿಲ್ಲ. ಕೇಳಿಸದವರ ಪಾಲಿಗೆ ನೀವು ಕಾರಣವಿಲ್ಲದೆ ಒಬ್ಬರ ಮೇಲೆ ಎಗರಿದಂತೆ. ಮೊಬೈಲ್ ರೆಕಾರ್ಡಿಂಗಿನ ಕಥೆಯೂ ಅದೇ, ನಿಮ್ಮ ಮೈಕಿನ ದನಿ ಸ್ಪಷ್ಟವಾಗಿ ದಾಖಲಾಗುತ್ತದೆ, ಕೆಣಕಿದವರ ದನಿ ಇರುವುದೇ ಇಲ್ಲ. ಮರುದಿನ ವಾಟ್ಸಾಪ್‌ನಲ್ಲಿ ಓಡಾಡುವ ಹದಿನೈದು ಸೆಕೆಂಡಿನ ತುಣುಕಿನಲ್ಲಿ ಬೈಯುತ್ತಿರುವವರು ನೀವೊಬ್ಬರೇ. ಪುನರುಚ್ಚಾರದಿಂದ ಯೋಚಿಸಲು ಸಮಯವೂ ಸಿಗುತ್ತದೆ. ಎಷ್ಟೋ ಸಲ ಬರೀ ಅದಕ್ಕೇ ನಗು ಬಂದು ಪ್ರಸಂಗ ಮುಗಿಯುತ್ತದೆ.

ಯಾರು, ಏಕೆ ಬಾಯಿ ಹಾಕಿದರು

ಎಲ್ಲರಿಗೂ ಒಂದೇ ಮದ್ದು ಇಲ್ಲ. ಮೊದಲ ಸಲದ ಸಣ್ಣ ಮಾತನ್ನು ಕೇಳಿಸದಂತೆ ಬಿಟ್ಟುಬಿಡಿ. ಎರಡನೆಯ ಸಲ ಉತ್ತರ, ಮೂರನೆಯದಕ್ಕೆ ಸಂಘಟಕರಿಗೆ ಸನ್ನೆ. ಆದರೆ ಉತ್ತರ ಕೊಡುವ ಮುಂಚೆ ಅದು ನಿಜಕ್ಕೂ ಕೀಟಲೆಯೇ ಎಂದು ಖಚಿತ ಮಾಡಿಕೊಳ್ಳಿ. ಕಿವಿ ಮಂದವಾದ ಹಿರಿಯರು, ಮರೆವಿನ ಕಾಯಿಲೆಯವರು, ತಡೆಯಲಾಗದೆ ಸದ್ದು ಹೊರಡಿಸುವ ಟುರೆಟ್ಸ್‌ನಂಥ ತೊಂದರೆ ಇರುವವರು, ಅಳುವ ಮಗುವನ್ನು ಎತ್ತಿಕೊಂಡ ತಾಯಿ, ಇವರ ಮೇಲೆ ಒಂದು ಜೋಕ್ ಬಿದ್ದರೂ ಸಭೆ ಕ್ಷಮಿಸುವುದಿಲ್ಲ. ಕ್ಷಮಿಸಲೂಬಾರದು.

ಹೆಚ್ಚು ಜನ ಸಹಾಯ ಮಾಡುತ್ತಿದ್ದೇವೆ ಅಂದುಕೊಂಡೇ ಬಾಯಿ ಹಾಕುತ್ತಾರೆ. ಇನ್‌ಸ್ಟಾಗ್ರಾಮಿನಲ್ಲಿ ಸಭಿಕರೊಂದಿಗೆ ಹರಟುವ ತುಣುಕುಗಳನ್ನೇ ನೋಡಿ ಬಂದವರಿಗೆ ಮಾತಾಡುವುದೂ ತಮ್ಮ ಪಾಲಿನ ಕೆಲಸ ಅನ್ನಿಸಿದರೆ ಆಶ್ಚರ್ಯವಿಲ್ಲ. ಪಂಚ್ ಲೈನನ್ನು ಮೊದಲೇ ಊಹಿಸಿ ಕೂಗಿದವರಿಗೆ, "ಇದನ್ನು ಬರೆಯಲು ನನಗೆ ಎರಡು ತಿಂಗಳು ಬೇಕಾಯ್ತು, ನಿಮಗೆ ಎರಡು ಸೆಕೆಂಡು" ಎಂದರೆ ಸಾಕು. ಅವರಿಗೆ ಮರ್ಯಾದೆ ಸಿಕ್ಕಿತು, ನಿಮಗೆ ನಗು ಸಿಕ್ಕಿತು.

ಸಂಘದ ಸಭೆಯಲ್ಲಿ ಖಂಡಿತ ಬರುವ ಕೂಗು "ತುಳುಟು ಪಾತೆರ್ಲೆ!", ಅಂದರೆ ತುಳುವಿನಲ್ಲಿ ಮಾತಾಡಿ. ಇದರಲ್ಲಿ ದ್ವೇಷವಿಲ್ಲ, ಸಲಿಗೆಯಿದೆ. "ಕನ್ನಡ ಕಾರ್ಯಕ್ರಮದಲ್ಲಿ ತುಳು ಯಾಕೆ" ಎಂದು ಸಿಡುಕಿದರೆ ಅರ್ಧ ಸಭೆ ಕಳೆದುಕೊಂಡಿರಿ. "ಹೇಳ್ತೇನೆ ಮಾರಾಯ್ರೆ. ಆದ್ರೆ ಆ ಬದಿಯಲ್ಲಿ ಧಾರವಾಡದವರು ಕೂತಿದ್ದಾರೆ, ಊಟದ ತನಕ ಅವರಿಗೆ ನೀವೇ ಅನುವಾದ ಮಾಡ್ಬೇಕು" ಎಂದರೆ ಎರಡೂ ಬದಿಯವರು ನಗುತ್ತಾರೆ. "ಬೋರ್ ಆಗ್ತಿದೆ" ಎಂಬುದಕ್ಕೆ: "ಇದು ಮೊದಲ ಸುತ್ತಿನ ಎಣಿಕೆ, ಇನ್ನೂ ಹದಿನೈದು ಸುತ್ತು ಬಾಕಿ ಇದೆ." ಇಂಥ ಆರೇಳು ಉತ್ತರಗಳು ಬಾಯಿಪಾಠ ಇರಲಿ. ಸಿಟ್ಟಿನಲ್ಲಿ ಹೊಸದು ಹೊಳೆಯುವುದಿಲ್ಲ, ಹೊಳೆದದ್ದು ಬೈಗುಳವೇ ಆಗಿರುತ್ತದೆ.

ಕುಡಿದವರಿಗೆ ಪ್ರಶ್ನೆ ಕೇಳಬೇಡಿ, ಅವರು ಉತ್ತರ ಹೇಳುತ್ತಾರೆ! ಒಂದೇ ಸಾಲಿನ ಮಾತು ಹೇಳಿ ಮುಂದೆ ಹೋಗಿ. ಮತ್ತೆ ಶುರುವಾದರೆ ಸನ್ನೆ. ಬಾರ್‌ನಲ್ಲಿ ಮೇಜಿಗೆ ಬಡಿಸುವವರೇ ಅವರನ್ನು ಸುಲಭವಾಗಿ ಸಮಾಧಾನ ಮಾಡಬಲ್ಲರು. ನೀವು ವೇದಿಕೆ ಇಳಿದು ಹತ್ತಿರ ಹೋಗಲೇಬಾರದು. ಸ್ಪೀಕರಿನ ಮುಂದೆ ಮೈಕ್ ಹಿಡಿದು ಹೋದರೆ ಕರ್ಕಶ ಸದ್ದು ಬರುತ್ತದೆ, ಅದಕ್ಕಿಂತ ಹೆಚ್ಚಾಗಿ ಕೈಗೆ ಕೈ ತಾಗುವ ದೂರದಲ್ಲಿ ಜಗಳ ಮಾತಿನಲ್ಲಿ ನಿಲ್ಲುವುದಿಲ್ಲ.

ನಿಜವಾಗಿ ನೊಂದು ಎದ್ದು ನಿಂತವರ ವಿಷಯ ಬೇರೆ. "ನಮ್ಮ ಸಮಾಜದ ಬಗ್ಗೆ ಹೀಗೆ ಹೇಳಬೇಡಿ" ಎಂದರೆ ಅದು ದೂರು. ತಮಾಷೆ ಬೇಡ. "ನಿಮ್ಮ ಮಾತು ಕೇಳಿಸಿತು. ಈ ಭಾಗ ಬಿಡುತ್ತೇನೆ. ಕಾರ್ಯಕ್ರಮ ಮುಗಿದ ಮೇಲೆ ಇಲ್ಲೇ ಇರ್ತೇನೆ, ಮಾತಾಡೋಣ." ಹಾಗೆಂದ ಮೇಲೆ ನಿಜಕ್ಕೂ ಇರಬೇಕು.

ಗುಂಪು ಕಟ್ಟಿಕೊಂಡು ಕಾರ್ಯಕ್ರಮ ನಿಲ್ಲಿಸಲೆಂದೇ ಬಂದವರೊಂದಿಗೆ ಹಾಸ್ಯವೂ ವಾದವೂ ಕೆಲಸಕ್ಕೆ ಬಾರದು. 2021ರ ಜನವರಿ 1ರಂದು ಇಂದೋರಿನಲ್ಲಿ ಸ್ಟ್ಯಾಂಡಪ್ ಕಲಾವಿದ ಮುನಾವರ್ ಫಾರೂಕಿ ಅವರ ಕಾರ್ಯಕ್ರಮಕ್ಕೆ ಹೀಗೆ ಅಡ್ಡಿಯಾಯಿತು. ಬಂಧನಕ್ಕೊಳಗಾದ ಅವರು ಸುಪ್ರೀಂ ಕೋರ್ಟಿನಿಂದ ಮಧ್ಯಂತರ ಜಾಮೀನು ಸಿಗುವ ತನಕ ಒಂದು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದರು. ಅಂಥ ಹೊತ್ತಿನಲ್ಲಿ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನಿರೂಪಕರಿಗೆ ಸಭೆ ಒಪ್ಪಿಸಿ, ಹಿಂಬಾಗಿಲಿನ ಕಡೆ ಹೋಗಿ.

ಏಟು ಎಲ್ಲಿಗೆ ಬೀಳಬೇಕು

ಉತ್ತರ ಆ ವ್ಯಕ್ತಿ ಈಗ ಮಾಡಿದ ಕೆಲಸದ ಮೇಲಿರಲಿ: ಕೂಗಿದ್ದು, ಫೋನಿನಲ್ಲಿ ಮಾತಾಡಿದ್ದು, ತಡವಾಗಿ ಬಂದದ್ದು. ದೇಹ, ಜಾತಿ, ಧರ್ಮ, ಊರು, ಕಸುಬು, ಜೊತೆಗಿರುವ ಹೆಂಗಸು, ಮಕ್ಕಳು, ಇವುಗಳಿಗೆ ಕೈ ಹಾಕಬೇಡಿ. ಕಸುಬಿನ ಬಗ್ಗೆ ವಿಶೇಷ ಎಚ್ಚರ ಬೇಕು. ಮುಂಬೈಯ ಕನ್ನಡ ಸಭೆಯಲ್ಲಿ ಹೋಟೆಲಿನಲ್ಲಿ ತಟ್ಟೆ ತೊಳೆದು ಮೇಲೆ ಬಂದವರು, ರಾತ್ರಿ ಶಾಲೆಯಲ್ಲಿ ಓದಿದವರು ಕೂತಿರುತ್ತಾರೆ. "ನೀವು ಹೋಟೆಲಿನವರಾ, ಅದಕ್ಕೇ" ಎಂಬ ಸಾಲು ಒಬ್ಬರಿಗಲ್ಲ, ನೂರು ಜನಕ್ಕೆ ತಾಗುತ್ತದೆ.

ಸಿಟ್ಟು ಏರುತ್ತಿದೆ ಎಂಬುದಕ್ಕೆ ಮೊದಲ ಗುರುತು ನಿಮ್ಮ ಬಾಯಲ್ಲೇ ಸಿಗುತ್ತದೆ. "ನೀವು" ಹೋಗಿ "ನೀನು" ಬಂತೇ? ಕನ್ನಡ ಬಿಟ್ಟು ಹಿಂದಿಯ ಬೈಗುಳಕ್ಕೆ ಹಾರಿದಿರೇ? ಅಲ್ಲೇ ನಿಲ್ಲಿ. ಬಹುವಚನ, ಕರಾವಳಿಯ "ಮಾರಾಯ್ರೆ", ಉತ್ತರ ಕರ್ನಾಟಕದ "ರೀ" ನಾಲಿಗೆಯ ಮೇಲಿರುವ ತನಕ ಮಾತು ಮಿತಿಯಲ್ಲಿ ಇರುತ್ತದೆ. ದೊಡ್ಡ ನಗು ಬಂದ ಕೂಡಲೇ ಸೆಟ್ಟಿಗೆ, ಅಂದರೆ ಸಿದ್ಧಮಾಡಿಕೊಂಡು ಬಂದ ಜೋಕುಗಳಿಗೆ, ಮರಳಿ. ಗೆದ್ದ ಮೇಲೂ ಅದೇ ವ್ಯಕ್ತಿಯನ್ನು ಮತ್ತೆ ಮತ್ತೆ ಚುಚ್ಚುವುದರಿಂದಲೇ ಎಷ್ಟೋ ಒಳ್ಳೆಯ ಕಾರ್ಯಕ್ರಮಗಳು ಕೆಟ್ಟಿವೆ. ಎಲ್ಲಿಗೆ ನಿಂತಿತ್ತು ಎಂದು ಮರೆಯದಿರಲು, ಪ್ರತಿ ಭಾಗದ ಮೊದಲ ಪದವನ್ನು ಸಣ್ಣ ಚೀಟಿಯಲ್ಲಿ ಬರೆದು ನೀರಿನ ಬಾಟಲಿಯ ಪಕ್ಕ ಇಟ್ಟುಕೊಳ್ಳಿ.

ಕಾನೂನು ಸಂಕ್ಷೇಪವಾಗಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತಿಗೆ ಕಲಂ 79, ಶಾಂತಿಭಂಗಕ್ಕೆ ಕೆರಳಿಸುವ ಉದ್ದೇಶಪೂರ್ವಕ ಅವಮಾನಕ್ಕೆ ಕಲಂ 352. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಎದುರು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯವಾಗುತ್ತದೆ, ನಿರೀಕ್ಷಣಾ ಜಾಮೀನಿಗೆ ಆ ಕಾಯ್ದೆಯಲ್ಲೇ ತಡೆ ಇದೆ. "ಅವರೇ ಮೊದಲು ಕೆಣಕಿದರು" ಎಂದ ಮಾತ್ರಕ್ಕೆ ಇಲ್ಲೆಲ್ಲ ಬಿಡುಗಡೆ ಸಿಗುತ್ತದೆ ಎಂದುಕೊಳ್ಳಬೇಡಿ.

ಜಾರಿಯೇ ಬಿಟ್ಟರೆ

ಅಮೆರಿಕದ ಹಾಸ್ಯನಟ ಮೈಕೇಲ್ ರಿಚರ್ಡ್ಸ್ 2006ರ ನವೆಂಬರ್ 17ರಂದು ಲಾಫ್ ಫ್ಯಾಕ್ಟರಿ ಕ್ಲಬ್ಬಿನಲ್ಲಿ ಸದ್ದು ಮಾಡಿದ ಕಪ್ಪು ವರ್ಣದ ಸಭಿಕರ ಮೇಲೆ ಜನಾಂಗೀಯ ಬೈಗುಳ ಸುರಿಸಿದರು. ಯಾರದೋ ಮೊಬೈಲಿನಲ್ಲಿ ಅದು ದಾಖಲಾಯಿತು. ಮೂರು ದಿನದ ಬಳಿಕ ಟಿವಿಯಲ್ಲಿ ಕ್ಷಮೆ ಕೇಳಿದರು. ಮರುವರ್ಷ ಸ್ಟ್ಯಾಂಡಪ್ಪನ್ನೇ ಬಿಟ್ಟರು. ಸಭಿಕರು ಏನೆಂದು ಕೆಣಕಿದರು ಎಂಬುದು ಇಂದು ಯಾರಿಗೂ ಮುಖ್ಯವಲ್ಲ.

ಕ್ಷಮೆಗೆ ಮೂರು ದಿನ ಕಾಯಬೇಡಿ, ಹತ್ತು ಸೆಕೆಂಡಿನೊಳಗೆ ಅದೇ ಮೈಕಿನಲ್ಲಿ ಕೇಳಿ. "ನಾನು ಹೇಳಿದ್ದು ತಪ್ಪು. ಕ್ಷಮಿಸಿ." ಅಷ್ಟೇ. "ನಿಮಗೆ ನೋವಾಗಿದ್ದರೆ" ಎಂಬ ಬಾಲ ಬೇಡ, ಅದು ತಪ್ಪನ್ನು ಕೇಳಿದವರ ಕಿವಿಗೆ ಹೊರಿಸುತ್ತದೆ. ಅದರ ಬೆನ್ನಿಗೇ ಜೋಕ್ ಕೂಡ ಬೇಡ. ಸಭೆ ತಣ್ಣಗಾಗಿದ್ದರೆ ಉಳಿದ ಸೆಟ್ಟನ್ನು ಅರ್ಧಕ್ಕೆ ಇಳಿಸಿ, ನಿಮ್ಮ ಅತ್ಯಂತ ಭರವಸೆಯ ಎರಡು ಭಾಗ ಮಾತ್ರ ಮಾಡಿ ಮುಗಿಸಿ. ಕೆಳಗಿಳಿದ ಮೇಲೆ ಸಂಘಟಕರೊಬ್ಬರನ್ನು ಜೊತೆಗೆ ಕರೆದುಕೊಂಡೇ ಆ ವ್ಯಕ್ತಿಯನ್ನು ಭೇಟಿಯಾಗಿ. ಅವರು ಬೇಡವೆಂದರೆ ಒತ್ತಾಯಿಸಬೇಡಿ. ಆ ರಾತ್ರಿ ಏನನ್ನೂ ಪೋಸ್ಟ್ ಮಾಡಬೇಡಿ, ಅವರ ಮುಖ ಕಾಣುವ ತುಣುಕನ್ನಂತೂ ಎಂದಿಗೂ.

ಪ್ರತಿ ಕಾರ್ಯಕ್ರಮವನ್ನೂ ಫೋನಿನಲ್ಲಿ ದಾಖಲಿಸಿ, ಸಾಧ್ಯವಾದರೆ ಫೋನನ್ನು ಸಭೆಯ ನಡುವೆ ಇಡಿ, ಆಗ ಅವರ ದನಿಯೂ ಸಿಗುತ್ತದೆ. ಮರುದಿನ ಕೇಳಿ. ಯಾವ ಪದಕ್ಕೆ ನಗು ನಿಂತಿತು, ಅದಕ್ಕೂ ಮುಂಚೆ ನಿಮ್ಮ ಮಾತಿನ ವೇಗ ಏರಿತ್ತೇ ಎಂದು ಗುರುತು ಹಾಕಿಕೊಳ್ಳಿ. ವಾರಕ್ಕೊಮ್ಮೆ ಇಬ್ಬರು ಗೆಳೆಯರನ್ನು ಎದುರು ಕೂರಿಸಿ, ಹತ್ತು ನಿಮಿಷದ ಸೆಟ್ಟಿನಲ್ಲಿ ಮನಬಂದ ಕಡೆ ಬಾಯಿ ಹಾಕಲು ಹೇಳಿ. ಶುರುವಿನಲ್ಲಿ ತಿರುಗೇಟು ಕೊಡಲೇಬೇಡಿ: ನಿಲ್ಲುವುದು, ಉಸಿರು ಬಿಡುವುದು, ಅವರ ಮಾತನ್ನು ಮತ್ತೆ ಹೇಳುವುದು, ಬಿಟ್ಟ ಜಾಗದಿಂದ ಸೆಟ್ ಮುಂದುವರಿಸುವುದು, ಇಷ್ಟನ್ನೇ ಮಾಡಿ. ಇದು ತಡವರಿಸದೆ ಬರತೊಡಗಿದ ಮೇಲೆ ಉತ್ತರಗಳನ್ನು ಒಂದೊಂದಾಗಿ ಸೇರಿಸಿಕೊಳ್ಳಿ.