ಮಕ್ಕಳ ಜೊತೆ ಮಾದರಿ ರೈಲು: ದುಂಡು ಹಳಿ ಬೇಡ, ಶಂಟಿಂಗ್ ಯಾರ್ಡ್ ಕಟ್ಟಿ

ಮಾದರಿ ರೈಲು ಅಂದ ತಕ್ಷಣ ಬಹಳಷ್ಟು ಜನ ಮೊದಲು ಜೋಡಿಸುವುದು ದುಂಡು ಹಳಿ. ಮಗು ಹತ್ತು ಸುತ್ತು ನೋಡುತ್ತದೆ, ಆಮೇಲೆ ವೇಗ ಏರಿಸುತ್ತದೆ, ತಿರುವಿನಲ್ಲಿ ಎಂಜಿನ್ ಪಲ್ಟಿ. ಅಲ್ಲಿಗೆ ಆಟ ಮುಗಿಯಿತು. ತಪ್ಪು ಮಗುವಿನದಲ್ಲ. ತನ್ನಷ್ಟಕ್ಕೆ ಸುತ್ತುವ ರೈಲಿಗೆ ಯಾರೂ ಬೇಕಾಗಿಲ್ಲ. ಅದಕ್ಕೇ ಮಕ್ಕಳ ಜೊತೆ ಕಟ್ಟುವಾಗ ನಾನು ಶಂಟಿಂಗ್ ಯಾರ್ಡಿನಿಂದಲೇ, ಅಂದರೆ ವ್ಯಾಗನ್ನುಗಳನ್ನು ಹಿಂದುಮುಂದು ಸರಿಸಿ ಬೇಕಾದ ಕ್ರಮದಲ್ಲಿ ಜೋಡಿಸುವ ಅಂಗಳದಿಂದಲೇ, ಶುರು ಮಾಡುತ್ತೇನೆ. ಅಲ್ಲಿ ಇಬ್ಬರಿಗೂ ಕೆಲಸವಿದೆ: ಒಬ್ಬರು ಡ್ರೈವರ್, ಇನ್ನೊಬ್ಬರು ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ತಿರುಗಿಸಿ ಕಪ್ಲಿಂಗ್ (ವ್ಯಾಗನ್ನುಗಳ ಕೊಂಡಿ) ಬಿಡಿಸುವವರು.

ನಾನು ಬಳಸುವುದು ಬ್ರಿಟನ್ನಿನ ಆಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್’ ನಕ್ಷೆ. ಎರಡು ಪಾಯಿಂಟ್, ಮೂರು ಸೈಡಿಂಗ್ (ವ್ಯಾಗನ್ ನಿಲ್ಲಿಸುವ, ತುದಿ ಮುಚ್ಚಿದ ಕವಲು ಹಳಿ). ಉದ್ದನೆಯದರಲ್ಲಿ ಐದು ವ್ಯಾಗನ್ ಹಿಡಿಯಬೇಕು, ಉಳಿದೆರಡರಲ್ಲಿ ಮೂರು ಮೂರು. ಪಾಯಿಂಟುಗಳಿಗಿಂತ ಈಚೆ ಕಡೆಯ ಹಳಿಯಲ್ಲಿ ಎಂಜಿನ್ ಜೊತೆಗೆ ಮೂರೇ ವ್ಯಾಗನ್ನಿಗೆ ಜಾಗ. ಒಟ್ಟು ಎಂಟು ವ್ಯಾಗನ್, ವ್ಯಾಗನ್ನಿಗೊಂದರಂತೆ ಎಂಟು ಚೀಟಿ. ಐದು ಚೀಟಿ ಎತ್ತಿ, ಅದೇ ಕ್ರಮದಲ್ಲಿ ಐದು ವ್ಯಾಗನ್ನಿನ ರೈಲು ಕಟ್ಟಬೇಕು. ಎಂಟರಲ್ಲಿ ಐದನ್ನು ಕ್ರಮವಾಗಿ ಆರಿಸುವ ಬಗೆಗಳು 6,720. ಚೀಟಿ ಓದಲು ಬಾರದ ಮಗುವಿಗೆ ವ್ಯಾಗನ್ನಿನ ಬಣ್ಣ ಸಾಕು.

ಅಳತೆಗೆ ನನ್ನ ಆಯ್ಕೆ ಎಚ್ಓ: ನಿಜ ರೈಲಿನ 87ರಲ್ಲೊಂದು ಪಾಲು (1:87), ಹಳಿಗಳ ನಡುವೆ 16.5 ಮಿ.ಮೀ. ಎನ್ ಅಳತೆಯಲ್ಲಿ (1:160, 9 ಮಿ.ಮೀ.) ಜಾಗ ಉಳಿಯುತ್ತದೆ, ನಿಜ. ಆದರೆ ಸಣ್ಣ ಬೆರಳಿಗೂ ಚಾಳೀಸು ಬಂದ ಕಣ್ಣಿಗೂ ಅದು ಕಷ್ಟ. ಅಜ್ಜನೂ ಮೊಮ್ಮಗಳೂ ಕೂಡಿ ಆಡುವ ಮನೆಯಲ್ಲಿ ಇದನ್ನು ಮರೆಯಬಾರದು. 12 ಸೆಂ.ಮೀ. ಉದ್ದದ ವ್ಯಾಗನ್ ಇಟ್ಟುಕೊಂಡರೆ ಲೆಕ್ಕ ಹೀಗೆ: ಈಚೆ ಹಳಿ 50 ಸೆಂ.ಮೀ., ಎರಡು ಪಾಯಿಂಟಿಗೆ 40, ಐದು ವ್ಯಾಗನ್ನಿಗೆ 60, ಪಕ್ಕದ ಹಳಿಯ ವ್ಯಾಗನ್ ತಾಗದಿರಲು 8, ಎರಡು ತುದಿಯ ತಡೆಗಳಿಗೆ 10. ಒಟ್ಟು 168. ತಲಾ 90 ಸೆಂ.ಮೀ. ಉದ್ದ, 30 ಅಗಲದ ಎರಡು ಹಲಗೆಯಲ್ಲಿ ಆರಾಮವಾಗಿ ಕೂರುತ್ತದೆ. ಹಳಿ ಅಂಟಿಸುವ ಮೊದಲು ನಿಮ್ಮ ವ್ಯಾಗನ್ನುಗಳನ್ನೇ ಸಾಲಾಗಿಟ್ಟು ಅಳೆಯಿರಿ. ಈಚೆ ಹಳಿ ಒಂದು ವ್ಯಾಗನ್ನಿನಷ್ಟು ಉದ್ದವಾದರೂ ಒಗಟು ಸಡಿಲವಾಗುತ್ತದೆ, ಒಂದಿಂಚು ಕಮ್ಮಿಯಾದರೆ ಆಟವೇ ನಡೆಯುವುದಿಲ್ಲ.

ಹಲಗೆಗೆ 9 ಮಿ.ಮೀ. ಪ್ಲೈವುಡ್ ಸಾಕು. ಅಡಿಗೆ ಚೌಕಟ್ಟು, 40 ಸೆಂ.ಮೀ.ಗೊಂದು ಅಡ್ಡಪಟ್ಟಿ. ಎತ್ತರ ನಿಮ್ಮ ಸೊಂಟಕ್ಕಲ್ಲ, ಮಗುವಿನ ಎದೆಗೆ ಸರಿಯಾಗಿರಲಿ. ನೀವು ಕುರ್ಚಿ ಹಾಕಿಕೊಂಡು ಕೂರಿ. ಹಳಿಯ ಕೆಳಗೆ 3 ಮಿ.ಮೀ. ಕಾರ್ಕ್. ಜಲ್ಲಿ ಹಾಕುವಾಗ ಬಿಳಿ ಮರದಂಟನ್ನು ಅಷ್ಟೇ ನೀರಿನಲ್ಲಿ ಕಲಸಿ, ಪಾತ್ರೆ ತೊಳೆಯುವ ಸೋಪಿನ ದ್ರವ ಒಂದು ಹನಿ ಬಿಡಿ. ಸೋಪಿಲ್ಲದಿದ್ದರೆ ಅಂಟು ಜಲ್ಲಿಯ ಮೇಲೆ ಗುಳ್ಳೆಯಂತೆ ನಿಲ್ಲುತ್ತದೆ, ಒಳಗಿಳಿಯುವುದಿಲ್ಲ. ಪಾಯಿಂಟಿನ ಚಲಿಸುವ ನಾಲಿಗೆಗಳ ಹತ್ತಿರ ಅಂಟು ಬೇಡವೇ ಬೇಡ. ಮಕ್ಕಳು ಕೈಹಾಕಿದ ಜಲ್ಲಿ ಕೆಲಸದಲ್ಲಿ ಮೊದಲು ಕೆಡುವುದು ಅದೇ ಜಾಗ, ದೊಡ್ಡವರು ಹಾಕಿದ್ದರಲ್ಲೂ ಅದೇ.

ವೈರಿಂಗ್ ಸರಳ: 12 ವೋಲ್ಟ್ ಡಿಸಿ ಕಂಟ್ರೋಲರ್, ಎರಡು ವೈರ್. ಆದರೆ ಪಾಯಿಂಟ್ ಯಾವ ಬಗೆಯದು ಎಂದು ಮೊದಲೇ ನೋಡಿಕೊಳ್ಳಿ. ಎರಡು ಹಳಿ ಕತ್ತರಿಯಾಗುವ ಫ್ರಾಗ್ ಪ್ಲಾಸ್ಟಿಕ್ಕಿನದಾದರೆ ಅಲ್ಲಿ ಕರೆಂಟ್ ಇಲ್ಲ. ನಾಲ್ಕು ಚಕ್ರದ ಪುಟ್ಟ ಎಂಜಿನ್ ನಿಧಾನಕ್ಕೆ ಬಂದರೆ ಅಲ್ಲೇ ನಿಂತುಬಿಡುತ್ತದೆ, ಮಗು ಬೆರಳಿನಿಂದ ತಳ್ಳುತ್ತದೆ. ತಳ್ಳಬಾರದು: ಮೋಟಾರಿನ ಸುರುಳಿ ಗಿಯರ್ ಚಕ್ರದ ಕಡೆಯಿಂದ ತಿರುಗುವುದಿಲ್ಲ, ಬಲ ಹಾಕಿದರೆ ಹಲ್ಲು ಸವೆಯುತ್ತದೆ. ಲೋಹದ ಫ್ರಾಗ್ ಆದರೆ ಈ ತೊಂದರೆಯಿಲ್ಲ. ಆದರೆ ಕರೆಂಟನ್ನು ಪಾಯಿಂಟಿನ ನಾಲಿಗೆಯ ಕಡೆಯಿಂದ, ಅಂದರೆ ಈಚೆ ಹಳಿಯಿಂದ, ಮಾತ್ರ ಕೊಡಬೇಕು. ಸೈಡಿಂಗ್ ಕಡೆಯಿಂದಲೂ ಕೊಡುವುದಾದರೆ ಫ್ರಾಗ್ ಆಚೆ ಪ್ಲಾಸ್ಟಿಕ್ ಜೋಡಕ ಹಾಕಿ, ಇಲ್ಲದಿದ್ದರೆ ಶಾರ್ಟ್ ಆಗುತ್ತದೆ.

ಇನ್ನು ಓಡಿಸುವುದು. ಶಂಟಿಂಗ್ ವೇಗ ಗಂಟೆಗೆ 10 ಕಿ.ಮೀ. ಅಂದುಕೊಂಡರೆ, 1:87ರಲ್ಲಿ ಒಂದು ಮೀಟರ್ ದಾಟಲು ಸುಮಾರು 31 ಸೆಕೆಂಡ್ ಬೇಕು. ಈ ಲೆಕ್ಕವನ್ನು ಮಗುವಿನ ಕೈಯಲ್ಲೇ ಸ್ಟಾಪ್‌ವಾಚ್ ಕೊಟ್ಟು ಮಾಡಿಸಿ, ಕಂಟ್ರೋಲರಿನ ತಿರುಗಿಸುವ ಗುಬ್ಬಿಯ ಮೇಲೆ ಆ ಜಾಗಕ್ಕೆ ಬಣ್ಣದ ಟೇಪ್ ಅಂಟಿಸಿ. ‘ಸ್ಪೀಡ್ ಕಮ್ಮಿ ಮಾಡು’ ಅಂತ ಹತ್ತು ಸಲ ಹೇಳುವುದು ತಪ್ಪುತ್ತದೆ.

ಡ್ರೈವರ್ ವ್ಯಾಗನ್ ನೋಡುವುದಿಲ್ಲ, ಕೂಗು ಕೇಳುತ್ತಾರೆ. ಇದೇ ಇಡೀ ಆಟದ ಜೀವ. ಯಾರ್ಡಿನಲ್ಲಿ ದೂರವನ್ನು ವ್ಯಾಗನ್ ಲೆಕ್ಕದಲ್ಲಿ ಕೂಗಬೇಕು. ಬೋರ್ಡಿನ ತುದಿಗೆ ಕಣ್ಣಿಟ್ಟ ಮಗು ‘ಅಪ್ಪಾ, ಎರಡು... ಒಂದು... ಅರ್ಧ... ನಿಲ್ಸು!’ ಅನ್ನಬೇಕು, ಅಪ್ಪ ನಿಲ್ಲಿಸಲೇಬೇಕು. ಮಗು ತಡವಾಗಿ ಕೂಗಿದರೆ ರೈಲು ಕಟ್ ಅಂತ ಗುದ್ದುತ್ತದೆ. ಗುದ್ದಲಿ, ನೀವೇ ನೋಡಿ ಮೊದಲೇ ನಿಲ್ಲಿಸಬೇಡಿ. ಎರಡನೇ ರೈಲಿಗೆ ಪಾತ್ರ ಅದಲುಬದಲು.

ಹಳಿ ತಪ್ಪುವ ಕಾರಣ ಹುಡುಕಲು ಒಂದು ಸೂತ್ರವನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ: ಎಲ್ಲ ವ್ಯಾಗನ್ ಒಂದೇ ಜಾಗದಲ್ಲಿ ಬಿದ್ದರೆ ದೋಷ ಹಳಿಯದು, ಒಂದೇ ವ್ಯಾಗನ್ ಎಲ್ಲ ಕಡೆ ಬಿದ್ದರೆ ದೋಷ ಅದರದು. ವ್ಯಾಗನ್ನಿನಲ್ಲಿ ಮೂರು ನೋಡಿ. ಒಂದೇ ಅಚ್ಚಿನ ಎರಡು ಚಕ್ರಗಳ ಒಳಮೈ ನಡುವಿನ ಅಂತರ 14.5 ಮಿ.ಮೀ. ಹತ್ತಿರ ಇರಬೇಕು. ತೂಕಕ್ಕೆ ಅಮೆರಿಕದ ಮಾದರಿ ರೈಲು ಸಂಘದ ಶಿಫಾರಸು 28 ಗ್ರಾಂ, ಜೊತೆಗೆ ಉದ್ದದ ಪ್ರತಿ ಇಂಚಿಗೆ 14 ಗ್ರಾಂ. 12 ಸೆಂ.ಮೀ. ವ್ಯಾಗನ್ ಅಂದರೆ ಸುಮಾರು 94 ಗ್ರಾಂ. ಅಡಿಗೆ ಉಕ್ಕಿನ ನಟ್ಟುಗಳನ್ನು ಅಂಟಿಸಿದರೆ ಆಯಿತು, ಸೀಸ ಬೇಡ. ಎಂಟು ಚಕ್ರದ್ದಾದರೆ ಮುಂದಿನ ನಾಲ್ಕು ಚಕ್ರಗಳ ಜೋಡಣೆಯ ಸ್ಕ್ರೂ ಎಡಬಲಕ್ಕೆ ಅಲುಗದಷ್ಟು ಬಿಗಿ, ಹಿಂದಿನದು ಸ್ವಲ್ಪ ಸಡಿಲ. ಎರಡನ್ನೂ ಬಿಗಿ ಮಾಡಿದರೆ ಮೂರು ಕಾಲು ನಿಂತು ನಾಲ್ಕನೆಯದು ಎದ್ದ ಮೇಜಿನಂತಾಗುತ್ತದೆ.

ಎಂಜಿನ್ ತಡವರಿಸಿದರೆ ಬಹುಪಾಲು ಕೊಳೆಯೇ. ಬೆರಳಿನ ಜಿಡ್ಡು ಹಳಿಗೆ ಹತ್ತುತ್ತದೆ, ಹಳಿಯಿಂದ ಚಕ್ರಕ್ಕೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಕಿಟಕಿ ತೆರೆದಿರಲಿ. ಮರಳು ಕಾಗದ ಹಾಕಬೇಡಿ, ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ವಯಸ್ಸಿನ ವಿಷಯ ಚಿಕ್ಕದು. ಮೂರು ವರ್ಷದೊಳಗಿನವರಿಗೆ ಇದು ಬೇಡ, ಸಣ್ಣ ಭಾಗ ನುಂಗಿಬಿಡುತ್ತಾರೆ. ನಾಲ್ಕೈದಕ್ಕೆ ಚೀಟಿ ಎತ್ತುವುದು, ಏಳರ ಹೊತ್ತಿಗೆ ಪಾಯಿಂಟ್, ಕಂಟ್ರೋಲರ್. ಹತ್ತು ದಾಟಿದ ಮೇಲೆ, ನೀವು ಪಕ್ಕದಲ್ಲಿದ್ದರೆ, ಬೆಸುಗೆ. ಸೀಸವಿಲ್ಲದ ತಂತಿ ತನ್ನಿ, ಮುಗಿದ ಮೇಲೆ ಕೈ ತೊಳೆಸಿ.

ಹದಿಹರೆಯದವರಿಗೆ ಯಾರ್ಡ್ ಸಪ್ಪೆ ಅನಿಸತೊಡಗಿದಾಗ ಡಿಸಿಸಿ (ಹಳಿಯ ಮೂಲಕವೇ ಎಂಜಿನ್ನಿಗೆ ಡಿಜಿಟಲ್ ಆಜ್ಞೆ ಕಳಿಸುವ ವ್ಯವಸ್ಥೆ) ತರಲು ಸರಿಯಾದ ಹೊತ್ತು. ಎಂಜಿನ್ನಿಗೆ ಆ ಆಜ್ಞೆ ಓದುವ ಪುಟ್ಟ ಸರ್ಕ್ಯೂಟ್, ಅಂದರೆ ಡಿಕೋಡರ್, ಹಾಕಿದರೆ ಅದರ ಸಿವಿ ಎಂಬ ಸೆಟ್ಟಿಂಗುಗಳ ಪೈಕಿ ಸಿವಿ 3ರಲ್ಲಿ ವೇಗ ಏರುವ ಬಗೆ, ಸಿವಿ 4ರಲ್ಲಿ ಇಳಿಯುವ ಬಗೆ ಬರೆಯಬಹುದು. ಸಿವಿ 4 ಹೆಚ್ಚಿಸಿಟ್ಟು ಕಂಟ್ರೋಲರನ್ನು ಅಪ್ಪ ಅಮ್ಮನ ಕೈಗೆ ಕೊಡುವ ಚೇಷ್ಟೆ ಅವರು ಮಾಡಿಯೇ ಮಾಡುತ್ತಾರೆ.

ಅಟ್ಟದಲ್ಲಿದ್ದ ಹಳೆಯ ಎಂಜಿನ್ ಇದ್ದರೆ ಅದನ್ನು ಬಿಚ್ಚುವ ಕೆಲಸವೂ ಆಗಲೇ. ಬಿಚ್ಚದೆ ಹಾಗೇ ಹಳಿಗಿಟ್ಟು ಓಡಿಸಬೇಡಿ. ಗ್ರೀಸ್ ಮೇಣವಾಗಿರುತ್ತದೆ, ಮೋಟಾರ್ ಸುಡಬಹುದು. ಕವಚ ತೆಗೆದು, ಪ್ರತಿ ಹಂತಕ್ಕೂ ಫೋಟೊ ಹಿಡಿದು, ಹಳೆ ಗ್ರೀಸ್ ಕೆರೆದು, ಸವೆದ ಕಾರ್ಬನ್ ಬ್ರಷ್ ಬದಲಿಸಿ, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಎಣ್ಣೆಯನ್ನು ಸೂಜಿ ತುದಿಯಷ್ಟೇ ಬಿಡಿ. ಡಿಕೋಡರ್ ಹಾಕುವುದಾದರೆ ಬ್ರಷ್ ಎರಡೂ ಲೋಹದ ಚೌಕಟ್ಟಿನಿಂದ ಬೇರೆಯಾಗಿರಬೇಕು. ಹಳೆಯ ಮೋಟಾರಿನಲ್ಲಿ ಒಂದು ಬ್ರಷ್ ಚೌಕಟ್ಟಿಗೇ ತಾಗಿರುವುದುಂಟು, ಹಾಗೇ ಬಿಟ್ಟರೆ ಡಿಕೋಡರ್ ಸುಟ್ಟುಹೋಗುತ್ತದೆ. ಮೊದಲ ಓಟದಲ್ಲಿ ಗುಬ್ಬಿ ಮಗುವಿನ ಕೈಯಲ್ಲಿರಲಿ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, ಮೋಟಾರಿಗೆ ಬೆರಳಿಟ್ಟು ಬಿಸಿ ನೋಡುವುದು ನಿಮ್ಮ ಕೆಲಸ.