ಡೈ ಹಾಕಿದ್ದು ಗೊತ್ತಾಗಬಾರದು ಅಂದರೆ

ಮೈಸೂರು, ಮಂಡ್ಯದ ಯಾವ ಛತ್ರಕ್ಕೆ ಹೋದರೂ ಡೈ ಹಾಕಿದವರನ್ನು ಹುಡುಕಬೇಕಿಲ್ಲ. ಹಣೆಯಂಚಿನ ಕಪ್ಪು ಗೆರೆ, ಬೆಳ್ಳಗಿನ ಹುಬ್ಬಿನ ಕೆಳಗೆ ಇದ್ದಿಲಿನಂಥ ಮೀಸೆ ಸಾಕು. ನರೆ ಕಂಡರೆ ಏನಂತೆ ಎನ್ನುವವರು ಇದನ್ನು ಓದಬೇಕಿಲ್ಲ. ಮುಚ್ಚಲೇಬೇಕು ಎನ್ನುವವರು ಮುಹೂರ್ತದ ಹಿಂದಿನ ರಾತ್ರಿ ಮಾತ್ರ ಡೈಗೆ ಕೈ ಹಾಕಬೇಡಿ. ಮೂರು ದಿನ ಮುಂಚೆ ಹಾಕಿದರೆ, ಒಂದೆರಡು ಸ್ನಾನದಲ್ಲಿ ಚರ್ಮದ ಕಲೆ ಹೋಗುತ್ತದೆ. ಬಣ್ಣ ಅಚ್ಚ ಕಪ್ಪು ಬೇಡ, ಡಾರ್ಕ್ ಬ್ರೌನ್ ಸಾಕು. ಬಿಸಿಲಲ್ಲಿ ಬಳಿದಂತೆ ಕಾಣುವುದಿಲ್ಲ.

ಹಾಕುವುದಕ್ಕೂ 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡಿ. ‘ಅಮೋನಿಯಾ ಇಲ್ಲ’ ಎಂದು ಪ್ಯಾಕೆಟ್ ಮೇಲೆ ಬರೆದಿದ್ದರೆ ಜನ ನಿಶ್ಚಿಂತರಾಗುತ್ತಾರೆ. ಆದರೆ ತುರಿಕೆ, ಊತ ತರುವುದು ಹೆಚ್ಚಾಗಿ ಪಿಪಿಡಿ ಎಂಬ ಬಣ್ಣದ ರಾಸಾಯನಿಕ. ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳಲ್ಲೂ ಅದು ಇರುವುದುಂಟು. ನಿಜವಾದ ಮೆಹಂದಿ ಕೂದಲಿಗೆ ಕೆಂಪು ಕೊಡುತ್ತದೆಯೇ ಹೊರತು ಕಪ್ಪು ಕೊಡುವುದಿಲ್ಲ. ಹಿಂದೆ ನೂರು ಸಲ ಹಾಕಿ ಏನೂ ಆಗದವರಿಗೂ ಅಲರ್ಜಿ ಶುರುವಾಗಬಹುದು. ಕಿವಿ ಹಿಂದೆ ಉರಿ ಬಂದರೆ ಆ ಡೈ ನಿಮಗಲ್ಲ.

ಹಾಕುವ ದಿನ ತಲೆಗೆ ಎಣ್ಣೆ ಇರಬಾರದು. ಹಣೆಯಂಚು, ಕಿವಿ, ಕತ್ತಿಗೆ ಮಾತ್ರ ವ್ಯಾಸಲೀನ್ ಸವರಿ. ಕೂದಲ ಬುಡಕ್ಕೆ ತಾಗಿದರೆ ಅಲ್ಲಿ ಬಣ್ಣ ಹಿಡಿಯದು. ಗ್ಲೌಸ್ ಹಾಕಿಕೊಂಡು, ಕ್ರೀಮನ್ನೂ ಬಣ್ಣ ಹಿಡಿಸುವ ಡೆವಲಪರನ್ನೂ ಪ್ಯಾಕೆಟ್ಟಿನಲ್ಲಿ ಹೇಳಿದ ಅಳತೆಗೆ ಪ್ಲಾಸ್ಟಿಕ್ ಬಟ್ಟಲಲ್ಲಿ ಕಲಸಿ. ಸ್ಟೀಲ್ ಪಾತ್ರೆ ಬೇಡ. ಕಿವಿಯ ಮೇಲಿನ ನರೆ ಒರಟು, ಬೇಗ ಬಣ್ಣ ಕುಡಿಯುವುದಿಲ್ಲ. ಮೊದಲು ಅಲ್ಲಿಗೇ ಹಚ್ಚಿ, ಆಮೇಲೆ ನೆತ್ತಿ, ಕೊನೆಗೆ ಹಿಂಭಾಗ. ಹಣೆಗೆ ತಾಗಿದ್ದನ್ನು ಹಸಿಯಿರುವಾಗಲೇ ಕೊಬ್ಬರಿ ಎಣ್ಣೆಯ ಹತ್ತಿಯಿಂದ ಒರೆಸಿ. ಒಣಗಿದ ಮೇಲೆ ನಿಂಬೆಹಣ್ಣು ಹಾಕಿ ತಿಕ್ಕಿದರೆ ಚರ್ಮ ಕೆಂಪಾಗುತ್ತದೆ, ಕಲೆ ಅಲ್ಲೇ ಇರುತ್ತದೆ. ಪ್ಯಾಕೆಟ್ಟಿನಲ್ಲಿ ಹೇಳಿದ ಹೊತ್ತು ಮೀರಿಸಬೇಡಿ. ಮೀಸೆಗೆ ಬೇರೆ ಡೈ ಸಿಗುತ್ತದೆ. ಹುಬ್ಬಿಗೆ, ರೆಪ್ಪೆಗೆ ಯಾವುದೂ ಬೇಡ. ಕಣ್ಣಿಗೆ ಹೋದರೆ ಕಷ್ಟ.

ಕಲಸಿ ಉಳಿದದ್ದನ್ನು ಚೆಲ್ಲಿ. ಮುಚ್ಚಳ ಬಿಗಿದಿಟ್ಟರೆ ಒಳಗೆ ಗಾಳಿ ತುಂಬಿ ಬಾಟಲಿ ಸಿಡಿಯಬಹುದು.

ಪಿಪಿಡಿ ಆಗದವರಿಗೆ ದಾರಿ ಮೆಹಂದಿ, ಅದರ ಮೇಲೆ ಇಂಡಿಗೋ ಅಂದರೆ ನೀಲಿ ಗಿಡದ ಎಲೆಯ ಪುಡಿ. ಗ್ರಂಧಿಗೆ ಅಂಗಡಿಯಲ್ಲಿ ಎರಡನ್ನೂ ಬೇರೆಬೇರೆಯಾಗಿ ಕೇಳಿ. ಗಿಡ್ಡ ಕೂದಲಿಗೆ ತಲಾ 100 ಗ್ರಾಂ ಆದೀತು. ಮೆಹಂದಿಯನ್ನು ಟೀ ಡಿಕಾಕ್ಷನ್‌ನಲ್ಲಿ ರಾತ್ರಿಯೇ ನೆನೆಸಿ, ಬೆಳಿಗ್ಗೆ ಹಚ್ಚಿ ಎರಡು ಗಂಟೆ ಬಿಟ್ಟು ಬರೀ ನೀರಲ್ಲಿ ತೊಳೆಯಿರಿ. ಇಂಡಿಗೋ ಹಾಗಲ್ಲ, ಬೆಚ್ಚಗಿನ ನೀರಲ್ಲಿ ಕಲಸಿದ ಹತ್ತು ಹದಿನೈದು ನಿಮಿಷಕ್ಕೇ ಹಚ್ಚಬೇಕು. ಒಂದು ಗಂಟೆ ಬಿಟ್ಟು ತೊಳೆದಾಗ ಹಸಿರು ಛಾಯೆ ಕಂಡರೆ ಗಾಬರಿ ಬೇಡ, ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಅಲ್ಲಿಯವರೆಗೆ ಶಾಂಪೂ ಬೇಡ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೂರನೇ ವಾರಕ್ಕೆ ಬೈತಲೆಯಲ್ಲಿ ಬಿಳಿ ಇಣುಕಿದಾಗ ಆ ಬುಡಕ್ಕಷ್ಟೇ ಹಚ್ಚಿ. ಪ್ರತಿಸಲ ತುದಿಯವರೆಗೂ ಎಳೆದರೆ ತುದಿ ಒರಟಾಗಿ, ಬುಡಕ್ಕಿಂತ ಕಪ್ಪಾಗಿಬಿಡುತ್ತದೆ.